ನಾಲ್ಕು ಬದಿ ಸಾಲದು, ಕರ್ಣವನ್ನೂ ಅಳೆಯಿರಿ

ಸೈಟು, ಹೊಲ, ಅಂಗಳಗಳ ಆಕಾರ ಗುರುತಿಸಿ, ಸುತ್ತಳತೆ ಮತ್ತು ವಿಸ್ತೀರ್ಣವನ್ನು ನೀವೇ ಲೆಕ್ಕ ಹಾಕುವ ಬಗೆ

ಸೈಟು ಮಾರಾಟದ ಕಾಗದಪತ್ರಗಳಲ್ಲಿ ಇಂಥ ಸಾಲುಗಳು ಸಾಮಾನ್ಯ: ‘ಪೂರ್ವ-ಪಶ್ಚಿಮ (42+36)/2 ಅಡಿ, ಉತ್ತರ-ದಕ್ಷಿಣ (39+27)/2 ಅಡಿ.’ ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿದರೆ 39 ಮತ್ತು 33 ಬರುತ್ತದೆ. ಎರಡನ್ನೂ ಗುಣಿಸಿದರೆ 1287 ಚದರಡಿ. ಲೆಕ್ಕ ಸುಲಭ, ಅಂಕಗಣಿತದಲ್ಲಿ ತಪ್ಪೂ ಇಲ್ಲ. ಆದರೂ ಆ ಜಾಗ 1287 ಚದರಡಿ ಇರುವುದು ಸಾಧ್ಯವೇ ಇಲ್ಲ. ನಾಲ್ಕು ಮೂಲೆಯೂ ನೇರವಾಗಿರುವ ಆಯತವೊಂದನ್ನು ಬಿಟ್ಟರೆ, ಉಳಿದ ಯಾವುದೇ ನಾಲ್ಕು ಬದಿಯ ಜಾಗಕ್ಕೆ ಈ ಸರಾಸರಿ ಲೆಕ್ಕ ಹಿಡಿದರೂ ಬರುವುದು ನಿಜಕ್ಕಿಂತ ದೊಡ್ಡ ಸಂಖ್ಯೆ. ಕೊಳ್ಳುವವರು ಇಲ್ಲದ ನೆಲಕ್ಕೂ ಹಣ ಕೊಡುತ್ತಾರೆ.

ಇದನ್ನು ತಪ್ಪಿಸಲು ದೊಡ್ಡ ಗಣಿತ ಬೇಕಿಲ್ಲ. ಒಂದು ಟೇಪು, ವರ್ಗಮೂಲದ ಗುಂಡಿಯಿರುವ ಕ್ಯಾಲ್ಕುಲೇಟರ್, ಪ್ರೌಢಶಾಲೆಯಲ್ಲಿ ಕಲಿತ ನಾಲ್ಕೈದು ಸೂತ್ರಗಳು ಸಾಕು. ಆದರೆ ಸೂತ್ರಕ್ಕೆ ಕೈಹಾಕುವ ಮೊದಲು ಆಕೃತಿ ಯಾವುದೆಂದು ಗೊತ್ತಾಗಬೇಕು.

ಮೊದಲು ಆಕೃತಿ ಗುರುತಿಸಿ

ನೇರ ಗೆರೆಗಳಿಂದಲೇ ಆದ, ಎಲ್ಲೂ ಬಾಯಿ ತೆರೆಯದ, ಗೆರೆಗಳು ಒಂದನ್ನೊಂದು ದಾಟದ ಆಕೃತಿ ಬಹುಭುಜ. ಬಾಗಿದ ಅಂಚು ಇದ್ದರೆ ಅದು ಬಹುಭುಜವಲ್ಲ. ಹಳ್ಳದ ದಂಡೆಯಂಥ ಬಾಗನ್ನು ಸಣ್ಣ ಸಣ್ಣ ನೇರ ತುಂಡುಗಳಾಗಿ ಒಡೆದುಕೊಂಡರೆ ಮಾತ್ರ ಬಹುಭುಜದ ಲೆಕ್ಕ ಅನ್ವಯಿಸುತ್ತದೆ.

ಬದಿಗಳ ಸಂಖ್ಯೆಯಿಂದ ತ್ರಿಭುಜ, ಚತುರ್ಭುಜ, ಪಂಚಭುಜ, ಷಡ್ಭುಜ, ಅಷ್ಟಭುಜ ಎಂದು ಹೆಸರು. ಒಳಕೋನಗಳ ಮೊತ್ತ ತಿಳಿಯಲು ಬದಿಗಳ ಸಂಖ್ಯೆಯಲ್ಲಿ 2 ಕಳೆದು 180ರಿಂದ ಗುಣಿಸಬೇಕು: ತ್ರಿಭುಜಕ್ಕೆ 180 ಡಿಗ್ರಿ, ಚತುರ್ಭುಜಕ್ಕೆ 360, ಪಂಚಭುಜಕ್ಕೆ 540.

ಎರಡನೆಯ ವಿಂಗಡಣೆ ಮೂಲೆಗಳನ್ನು ನೋಡಿ ಮಾಡುವುದು. ಎಲ್ಲ ಮೂಲೆಗಳೂ ಹೊರಕ್ಕೇ ಚಾಚಿದ್ದರೆ ಪೀನ ಬಹುಭುಜ. ಒಂದಾದರೂ ಮೂಲೆ ಒಳಕ್ಕೆ ತಳ್ಳಿದಂತಿದ್ದರೆ, ಅಂದರೆ ಅಲ್ಲಿನ ಒಳಕೋನ 180 ಡಿಗ್ರಿಗಿಂತ ಹೆಚ್ಚಿದ್ದರೆ, ನಿಮ್ನ ಬಹುಭುಜ. ಪಕ್ಕದವರ ಕೊಟ್ಟಿಗೆಗೆ ಜಾಗ ಬಿಟ್ಟು ಒಳಸರಿದ ಹಿತ್ತಿಲು ನಿಮ್ನ ಆಕೃತಿ. ಎಲ್ಲ ಬದಿಗಳೂ ಎಲ್ಲ ಕೋನಗಳೂ ಸಮವಾಗಿದ್ದರೆ ಅದು ನಿಯಮಿತ ಬಹುಭುಜ. ಎರಡೂ ಷರತ್ತು ಬೇಕು: ವಜ್ರಾಕೃತಿಗೆ ಬದಿಗಳು ಸಮ, ಕೋನಗಳಲ್ಲ, ಆಯತಕ್ಕೆ ಕೋನಗಳು ಸಮ, ಬದಿಗಳಲ್ಲ. ಎರಡೂ ಕೂಡಿಬರುವುದು ಚೌಕದಲ್ಲಿ.

ನೆಲದ ವ್ಯವಹಾರದಲ್ಲಿ ಹೆಚ್ಚು ಎದುರಾಗುವುದು ಚತುರ್ಭುಜಗಳೇ. ಅವನ್ನು ಟೇಪಿನಿಂದಲೇ ಗುರುತಿಸಬಹುದು:

• ಎದುರು ಬದಿಗಳು ಸಮ, ಎರಡು ಕರ್ಣಗಳೂ ಸಮ: ಆಯತ.
• ನಾಲ್ಕೂ ಬದಿ ಸಮ, ಎರಡು ಕರ್ಣಗಳೂ ಸಮ: ಚೌಕ.
• ಎದುರು ಬದಿಗಳು ಸಮ, ಕರ್ಣಗಳು ಬೇರೆ ಬೇರೆ: ಸಮಾಂತರ ಚತುರ್ಭುಜ.
• ನಾಲ್ಕೂ ಬದಿ ಸಮ, ಕರ್ಣಗಳು ಬೇರೆ ಬೇರೆ: ವಜ್ರಾಕೃತಿ.
• ಒಂದು ಜೊತೆ ಎದುರು ಬದಿಗಳು ಮಾತ್ರ ಸಮಾಂತರ: ತ್ರಾಪಿಜ್ಯ.
• ಇದ್ಯಾವುದೂ ಅಲ್ಲ: ಸಾಮಾನ್ಯ ಚತುರ್ಭುಜ.

ಮೊದಲ ನಾಲ್ಕೂ ಸಾಲುಗಳಲ್ಲಿ ಕರ್ಣ ಬಂದಿದೆ. ಮೂಲೆಯಿಂದ ಎದುರು ಮೂಲೆಗೆ ಹಿಡಿಯುವ ಈ ಓರೆ ಅಳತೆಯಿಲ್ಲದೆ ಆಯತ ಯಾವುದು, ವಾಲಿದ ಆಕೃತಿ ಯಾವುದು ಎಂದು ಹೇಳಲಾಗದು.

30×40 ಸೈಟಿಗೆ 50ರ ಪರೀಕ್ಷೆ

ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇರುವ 30×40 ಸೈಟಿಗೆ ಒಂದು ಅನುಕೂಲವಿದೆ. 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500. ಅದರ ವರ್ಗಮೂಲ 50. ಹಾಗಾಗಿ ಸೈಟು ನಿಜಕ್ಕೂ ಆಯತವಾಗಿದ್ದರೆ ಎರಡು ಕರ್ಣಗಳೂ ಸರಿಯಾಗಿ 50 ಅಡಿ ಇರಬೇಕು. ಗಾರೆ ಕೆಲಸದವರು ಪಾಯ ಗುರುತು ಹಾಕುವಾಗ 3, 4, 5 ಅಡಿ ಹಿಡಿದು ಮೂಲೆಮಟ್ಟ ನೋಡುವುದೂ ಇದೇ ಪೈಥಾಗೊರಸ್ ಪ್ರಮೇಯದಿಂದಲೇ. 40×60 ಸೈಟಿಗೆ ಕರ್ಣ ಸುಮಾರು 72 ಅಡಿ 1 ಇಂಚು ಬರಬೇಕು.

ಬದಿಗಳು 30, 40, 30, 40 ಇದ್ದೂ ಒಂದು ಕರ್ಣ 44 ಅಡಿ ಬಂದರೆ ಸೈಟು ವಾಲಿದೆ. ಇನ್ನೊಂದು ಕರ್ಣ 55 ಅಡಿ ದಾಟಿರುತ್ತದೆ. ವಿಸ್ತೀರ್ಣ 1200 ಚದರಡಿಯಿಂದ ಸುಮಾರು 1166ಕ್ಕೆ ಇಳಿದಿರುತ್ತದೆ. ಅದರೊಳಗೆ ಆಯತಾಕಾರದ ಮನೆ ಕೂರಿಸುವಾಗ ಓರೆ ಮೂಲೆಗಳಲ್ಲಿ ಇನ್ನಷ್ಟು ಜಾಗ ಕೈತಪ್ಪುತ್ತದೆ.

ಸುತ್ತಳತೆ ಒಂದು, ವಿಸ್ತೀರ್ಣ ಇನ್ನೊಂದು

ಸುತ್ತಳತೆ ಎಂದರೆ ಎಲ್ಲ ಬದಿಗಳ ಮೊತ್ತ. ಆಕೃತಿ ಎಷ್ಟೇ ಸೊಟ್ಟಗಿರಲಿ, ಬದಿಗಳನ್ನು ಅಳೆದು ಕೂಡಿದರೆ ಮುಗಿಯಿತು. ಬೇಲಿ, ಕಾಂಪೌಂಡು, ಬದುಗಳಿಗೆ ಬೇಕಾದದ್ದು ಇದು. ವಿಸ್ತೀರ್ಣ ಎಂದರೆ ಆ ಗಡಿಯೊಳಗಿನ ನೆಲ. ಬೆಲೆ, ಬಿತ್ತನೆ ಬೀಜ, ಗೊಬ್ಬರ, ನೆಲಹಾಸಿಗೆ ಬೇಕಾದದ್ದು ಅದು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು.

160 ಅಡಿ ಬೇಲಿಯಿಂದ 40×40ರ ಚೌಕ ಮಾಡಿದರೆ 1600 ಚದರಡಿ ಸಿಗುತ್ತದೆ. ಅದೇ ಬೇಲಿಯಿಂದ 30×50 ಮಾಡಿದರೆ 1500, 20×60 ಮಾಡಿದರೆ 1200. ಇನ್ನೊಂದು ಕಡೆಯಿಂದ ನೋಡಿ: 30×40 ಮತ್ತು 20×60 ಎರಡೂ 1200 ಚದರಡಿಯೇ, ಆದರೆ ಮೊದಲನೆಯದಕ್ಕೆ 140 ಅಡಿ ಕಾಂಪೌಂಡು, ಎರಡನೆಯದಕ್ಕೆ 160 ಅಡಿ. ಉದ್ದನೆಯ ಕಿರಿದಾದ ಜಾಗಕ್ಕೆ ಗೋಡೆಯ ಖರ್ಚು ಹೆಚ್ಚು.

ಎಲ್ಲದಕ್ಕೂ ಆಧಾರ ತ್ರಿಭುಜ

ಬದಿಗಳ ಲೆಕ್ಕದಲ್ಲಿ ತ್ರಿಭುಜಗಳು ಸಮಬಾಹು, ಸಮದ್ವಿಬಾಹು, ಅಸಮಬಾಹು. ಕೋನಗಳ ಲೆಕ್ಕದಲ್ಲಿ ಲಘುಕೋನ, ಲಂಬಕೋನ, ವಿಶಾಲಕೋನ. ವಿಸ್ತೀರ್ಣಕ್ಕೆ ಶಾಲೆಯಲ್ಲಿ ಕಲಿತದ್ದು ಪಾದ × ಎತ್ತರ ÷ 2. ಲಂಬಕೋನ ತ್ರಿಭುಜದಲ್ಲಿ ನೇರ ಮೂಲೆಯ ಎರಡು ಬದಿಗಳೇ ಪಾದ ಮತ್ತು ಎತ್ತರ ಆಗುವುದರಿಂದ ಅಲ್ಲಿ ಇದು ಸಲೀಸು. ಬೇರೆ ಕಡೆ ನೆಲದ ಮೇಲೆ ಸರಿಯಾದ ಲಂಬ ಎತ್ತರ ಹಿಡಿಯುವುದು ಕಷ್ಟ. ಆಗ ಹೀರೋನನ ಸೂತ್ರ ಕೈಹಿಡಿಯುತ್ತದೆ. ಅದಕ್ಕೆ ಮೂರು ಬದಿ ಬಿಟ್ಟು ಬೇರೇನೂ ಬೇಡ:

1. ಮೂರು ಬದಿ ಕೂಡಿ ಅರ್ಧ ಮಾಡಿ. ಇದು ಅರ್ಧ ಸುತ್ತಳತೆ.
2. ಅದರಿಂದ ಒಂದೊಂದು ಬದಿಯನ್ನೂ ಬೇರೆ ಬೇರೆಯಾಗಿ ಕಳೆಯಿರಿ.
3. ಅರ್ಧ ಸುತ್ತಳತೆ ಮತ್ತು ಆ ಮೂರು ಶೇಷಗಳನ್ನು ಗುಣಿಸಿ, ವರ್ಗಮೂಲ ತೆಗೆಯಿರಿ.

ಮೂರು ಬದಿ ನಿಗದಿಯಾದರೆ ತ್ರಿಭುಜದ ಆಕಾರ ನಿಗದಿಯಾಯಿತು, ಅದು ಅಲುಗದು. ಛಾವಣಿಯ ಕಬ್ಬಿಣದ ಚೌಕಟ್ಟುಗಳನ್ನು ತ್ರಿಭುಜಗಳಾಗಿ ಬೆಸೆಯುವುದು ಇದಕ್ಕೇ. ಚತುರ್ಭುಜಕ್ಕೆ ಈ ಗಟ್ಟಿತನ ಇಲ್ಲ. ಮರದ ನಾಲ್ಕು ಪಟ್ಟಿಗಳನ್ನು ತುದಿಗೊಂದು ಮೊಳೆ ಹೊಡೆದು ಜೋಡಿಸಿ ಒಂದು ಮೂಲೆ ತಳ್ಳಿ ನೋಡಿ. ಪಟ್ಟಿಗಳ ಉದ್ದ ಬದಲಾಗುವುದಿಲ್ಲ, ಒಳಗಿನ ಜಾಗ ಬದಲಾಗುತ್ತದೆ. ಅಡ್ಡಲಾಗಿ ಓರೆಪಟ್ಟಿಯೊಂದನ್ನು ಹೊಡೆದ ಕೂಡಲೇ ಚೌಕಟ್ಟು ಬಿಗಿಯುತ್ತದೆ. ಆ ಓರೆಪಟ್ಟಿಯೇ ಕರ್ಣ.

ಸೊಟ್ಟ ಸೈಟಿನ ಲೆಕ್ಕ

ಈಗ ಮೊದಲು ಹೇಳಿದ ಸೈಟಿಗೇ ಬರೋಣ. ಮೂಲೆಗಳು ಕ್ರಮವಾಗಿ ಕ, ಖ, ಗ, ಘ. ಕಖ 42 ಅಡಿ, ಖಗ 39, ಗಘ 36, ಘಕ 27. ಸುತ್ತಳತೆ 144 ಅಡಿ. ಕ ಮೂಲೆಯಿಂದ ಗ ಮೂಲೆಗೆ ಟೇಪು ಹಿಡಿದಾಗ 45 ಅಡಿ ಬಂತು ಎಂದುಕೊಳ್ಳಿ. ಈ ಗೆರೆ ಸೈಟನ್ನು ಎರಡು ತ್ರಿಭುಜಗಳಾಗಿ ಒಡೆಯುತ್ತದೆ.

ಮೊದಲ ತ್ರಿಭುಜ: 42, 39, 45. ಅರ್ಧ ಸುತ್ತಳತೆ 63. ಶೇಷಗಳು 21, 24, 18. 63×21×24×18 = 5,71,536. ವರ್ಗಮೂಲ 756 ಚದರಡಿ.

ಎರಡನೆಯ ತ್ರಿಭುಜ: 36, 27, 45. ಇಲ್ಲಿ 36ರ ವರ್ಗ 1296 ಮತ್ತು 27ರ ವರ್ಗ 729 ಕೂಡಿದರೆ 2025, ಅಂದರೆ 45ರ ವರ್ಗ. ಇದು ಲಂಬಕೋನ ತ್ರಿಭುಜ. 36×27÷2 = 486 ಚದರಡಿ.

ಒಟ್ಟು 1242 ಚದರಡಿ. ಸರಾಸರಿ ಲೆಕ್ಕ ಹೇಳಿದ್ದು 1287. ವ್ಯತ್ಯಾಸ 45 ಚದರಡಿ. ಚದರಡಿಗೆ 5000 ರೂಪಾಯಿ ಎಂದು ಹಿಡಿದರೆ 2,25,000 ರೂಪಾಯಿ.

ಇದೇ ನಾಲ್ಕು ಬದಿಗಳಿದ್ದು ಕಗ ಕರ್ಣ 45ರ ಬದಲು 60 ಅಡಿ ಇದ್ದಿದ್ದರೆ? ಎರಡು ತ್ರಿಭುಜಗಳಿಗೂ ಹೀರೋನನ ಸೂತ್ರ ಹಾಕಿದರೆ ಸುಮಾರು 815 ಮತ್ತು 285, ಒಟ್ಟು 1100 ಚದರಡಿ. ಬದಿಗಳು ಒಂದಿಷ್ಟೂ ಬದಲಾಗದೆ 142 ಚದರಡಿ ಕರಗಿತು. ಸರಾಸರಿ ಲೆಕ್ಕಕ್ಕೆ ಇದರ ಸುಳಿವೂ ಸಿಗುವುದಿಲ್ಲ. ಅದು ಆಗಲೂ 1287 ಎನ್ನುತ್ತದೆ.

ಲೆಕ್ಕ ಸರಿಯೇ ಎಂದು ತಾಳೆ ನೋಡಲು ಇನ್ನೊಂದು ಕರ್ಣವನ್ನೂ, ಅಂದರೆ ಖಘವನ್ನೂ ಅಳೆದು, ಆ ಕಡೆಯಿಂದ ಎರಡು ತ್ರಿಭುಜ ಮಾಡಿ ಕೂಡಿ. ಎರಡು ಉತ್ತರಗಳೂ ಹತ್ತಿರ ಹತ್ತಿರ ಬಂದರೆ ಅಳತೆ ನಂಬಬಹುದು. ಬಾರದಿದ್ದರೆ ಎಲ್ಲೋ ಟೇಪು ಜಾರಿದೆ.

ಹಿಂದಿನವರಿಗೂ ಗೊತ್ತಿತ್ತು

ಎದುರು ಬದಿಗಳ ಸರಾಸರಿ ಗುಣಿಸುವ ಲೆಕ್ಕ ಬಹಳ ಹಳೆಯದು. ಕ್ರಿ.ಶ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬ್ರಹ್ಮಗುಪ್ತ ಇದನ್ನು ಸ್ಥೂಲ ಫಲ ಎಂದು ಬೇರೆ ಇಟ್ಟು, ಸೂಕ್ಷ್ಮ ಫಲಕ್ಕೆ ಇನ್ನೊಂದು ಸೂತ್ರ ಕೊಟ್ಟ: ನಾಲ್ಕು ಬದಿಗಳ ಅರ್ಧ ಮೊತ್ತದಿಂದ ಒಂದೊಂದು ಬದಿ ಕಳೆದು, ನಾಲ್ಕು ಶೇಷಗಳನ್ನು ಗುಣಿಸಿ ವರ್ಗಮೂಲ ತೆಗೆಯುವುದು. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಬೀಳುವ ಚತುರ್ಭುಜಕ್ಕೆ ಇದು ಪೂರ್ತಿ ಸರಿ. ನಮ್ಮ ಸೈಟಿಗೆ ಹಾಕಿದರೆ ಸುಮಾರು 1266 ಬರುತ್ತದೆ. ಆ ನಾಲ್ಕು ಬದಿಗಳಿಂದ ಸಾಧ್ಯವಿರುವ ಅತಿ ಹೆಚ್ಚಿನ ವಿಸ್ತೀರ್ಣವೇ ಅದು. ಯಾರಾದರೂ ಅದಕ್ಕಿಂತ ಹೆಚ್ಚು ಹೇಳಿದರೆ ಕರ್ಣ ಅಳೆಯುವ ಮೊದಲೇ ಅನುಮಾನಿಸಬಹುದು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದಾಗಲೂ ಕ್ಷೇತ್ರಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಾಗಿಯೇ ಕಲಿಸಿದ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಮಾತನ್ನು ಖಚಿತಗೊಳಿಸಿದ: ಬದಿಗಳು ಅವೇ ಇದ್ದರೂ ಕರ್ಣ ಬದಲಾದರೆ ಫಲ ಬದಲಾಗುತ್ತದೆ, ಕರ್ಣ ಹೇಳದೆ ಚತುರ್ಭುಜದ ಫಲ ಕೇಳುವುದು ಸಲ್ಲದು. ಆ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ಕ್ಷೇತ್ರಗಣಿತ’ ರಚಿಸಿದ. ನೆಲ ಅಳೆಯುವ ಗಣಿತ ಕನ್ನಡಕ್ಕೆ ಹೊಸದಲ್ಲ. ಸ್ಥೂಲವನ್ನು ಸ್ಥೂಲ ಎಂದು ಹೇಳಿ ಬಳಸುವ ಎಚ್ಚರವನ್ನಷ್ಟೇ ನಾವು ಉಳಿಸಿಕೊಳ್ಳಬೇಕು.

ಹೊಲ, ಗುಂಟೆ ಮತ್ತು 33 ಅಡಿಯ ಸರಪಳಿ

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಎಕರೆ 43,560 ಚದರಡಿ, ಗುಂಟೆ 1089 ಚದರಡಿ. ಈ 1089 ಎಂದರೆ 33×33. ಮೋಜಣಿಯ 33 ಅಡಿಯ ಸರಪಳಿ ಒಂದೊಂದು ಬದಿಗಿರುವ ಚೌಕವೇ ಗುಂಟೆ. ಹೀಗಾಗಿ ಉದ್ದಗಲಗಳನ್ನು ಸರಪಳಿಗಳಲ್ಲಿ ಅಳೆದರೆ ಗುಣಲಬ್ಧ ನೇರವಾಗಿ ಗುಂಟೆಗಳಲ್ಲೇ ಬರುತ್ತದೆ.

ತ್ರಾಪಿಜ್ಯದ ಹೊಲವೊಂದನ್ನು ತೆಗೆದುಕೊಳ್ಳಿ. ಸಮಾಂತರ ಬದುಗಳು 132 ಅಡಿ ಮತ್ತು 198 ಅಡಿ, ನಡುವಿನ ಲಂಬ ಅಂತರ 99 ಅಡಿ. ಸೂತ್ರ: ಸಮಾಂತರ ಬದಿಗಳ ಮೊತ್ತದ ಅರ್ಧ × ಲಂಬ ಅಂತರ. 165×99 = 16,335 ಚದರಡಿ; 1089ರಿಂದ ಭಾಗಿಸಿದರೆ ಸರಿಯಾಗಿ 15 ಗುಂಟೆ. ಸರಪಳಿಯಲ್ಲಿ ಇನ್ನೂ ಚೊಕ್ಕ: (4+6)÷2×3 = 15. ಅಂತರವನ್ನು ಬದುಗಳಿಗೆ ಲಂಬವಾಗಿಯೇ ಹಿಡಿಯಬೇಕು. ಓರೆ ಬದಿಯ ಉದ್ದ ಹಿಡಿದರೆ ಮತ್ತೆ ಇಲ್ಲದ ನೆಲ ಲೆಕ್ಕಕ್ಕೆ ಬರುತ್ತದೆ.

ಈ ಹೊಲದ ಒಂದು ಪಕ್ಕ ನೇರ 99 ಅಡಿ ಇದ್ದರೆ, ಓರೆ ಪಕ್ಕ 99 ಮತ್ತು 66ರ ವರ್ಗಗಳ ಮೊತ್ತದ ವರ್ಗಮೂಲ, ಸುಮಾರು 119 ಅಡಿ. ಸುತ್ತಳತೆ 548 ಅಡಿ. ನಾಲ್ಕು ಎಳೆ ತಂತಿಗೆ 2192 ಅಡಿ ಬೇಕು, ಬಿಗಿಯಲು ಮತ್ತು ಗಂಟಿಗೆ ಸ್ವಲ್ಪ ಹೆಚ್ಚು ತನ್ನಿ. 8 ಅಡಿಗೊಂದು ಕಂಬವಾದರೆ ಒಟ್ಟು ಸುತ್ತಳತೆಯನ್ನು ಭಾಗಿಸಿದಾಗ 69 ಸಾಕೆನಿಸುತ್ತದೆ. ಆದರೆ ಪ್ರತಿ ಮೂಲೆಯಲ್ಲೂ ಕಂಬ ಬರಲೇಬೇಕಾದ್ದರಿಂದ ಬದಿಬದಿಯಾಗಿ ಲೆಕ್ಕ ಹಾಕಿ: 17+25+13+15, ಒಟ್ಟು 70.

ಪಹಣಿ ಓದುವಾಗ ಒಂದು ಎಚ್ಚರ. ಅದರಲ್ಲಿ 1.20 ಎಂದರೆ ದಶಮಾಂಶವಲ್ಲ. 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಎಕರೆಗೆ ಇಷ್ಟು ಎಂದು ದರ ಹಾಕುವಾಗ 1.2ರಿಂದ ಗುಣಿಸಿದರೆ ಮಾರುವವರಿಗೆ 12 ಗುಂಟೆಯ ಹಣ ಖೋತಾ.

ಐದಾರು ಮೂಲೆಗಳಿದ್ದರೆ

ದಾರಿ ಅದೇ: ತ್ರಿಭುಜಗಳಾಗಿ ಒಡೆಯಿರಿ. ಒಂದು ಮೂಲೆಯಿಂದ ಎಳೆದರೆ ಪಂಚಭುಜಕ್ಕೆ 2 ಕರ್ಣ, 3 ತ್ರಿಭುಜ. ಷಡ್ಭುಜಕ್ಕೆ 3 ಕರ್ಣ, 4 ತ್ರಿಭುಜ. ಬದಿಗಳೂ ಸೇರಿ ಪಂಚಭುಜಕ್ಕೆ 7 ಅಳತೆ, ಷಡ್ಭುಜಕ್ಕೆ 9 ಅಳತೆ ಸಾಕು. ಅದಕ್ಕಿಂತ ಕಡಿಮೆ ಅಳತೆಯಲ್ಲಿ ಯಾರಾದರೂ ವಿಸ್ತೀರ್ಣ ಹೇಳಿದರೆ ಏನನ್ನು ಊಹಿಸಿಕೊಂಡಿದ್ದಾರೆಂದು ಕೇಳಿ.

ನಿಮ್ನ ಆಕೃತಿಯಲ್ಲಿ ಕರ್ಣ ಜಾಗದ ಹೊರಗೆ ಹೋಗಬಹುದು. ಆಗ ಒಳಕ್ಕೆ ತಳ್ಳಿದ ಮೂಲೆಯಿಂದಲೇ ಕರ್ಣಗಳನ್ನು ಎಳೆಯಿರಿ, ಅಥವಾ ಹೊರಗಿನಿಂದ ಆಕೃತಿ ತುಂಬಿಸಿಕೊಂಡು ಹೆಚ್ಚಾದ ತ್ರಿಭುಜವನ್ನು ಕಳೆಯಿರಿ.

ಮೂಲೆಗಳು ಹೆಚ್ಚಿದ್ದರೆ ಗ್ರಾಫ್ ಹಾಳೆಯ ವಿಧಾನ ವಾಸಿ. ಒಂದು ಮೂಲೆಯನ್ನು (0, 0) ಎಂದು ಇಟ್ಟುಕೊಂಡು ಉಳಿದ ಮೂಲೆಗಳು ಅಡ್ಡಕ್ಕೆ ಎಷ್ಟು ಅಡಿ, ಉದ್ದಕ್ಕೆ ಎಷ್ಟು ಅಡಿ ಎಂದು ಸುತ್ತುವರಿದು ಬರೆಯಿರಿ: (0, 0), (60, 0), (80, 40), (40, 70), (0, 50). ಪ್ರತಿ ಮೂಲೆಯ ಅಡ್ಡವನ್ನು ಮುಂದಿನ ಮೂಲೆಯ ಉದ್ದದಿಂದ ಗುಣಿಸಿ, ಅದರಿಂದ ಮುಂದಿನ ಮೂಲೆಯ ಅಡ್ಡ × ಈ ಮೂಲೆಯ ಉದ್ದ ಕಳೆಯಿರಿ. ಇಲ್ಲಿ ಕ್ರಮವಾಗಿ 0, 2400, 4000, 2000, 0 ಬರುತ್ತದೆ. ಮೊತ್ತ 8400, ಅರ್ಧ 4200 ಚದರಡಿ. ಮೂಲೆಗಳನ್ನು ಸುತ್ತಿನ ಕ್ರಮದಲ್ಲೇ ಬರೆದರೆ ನಿಮ್ನ ಆಕೃತಿಗೂ ಇದು ಸರಿಹೋಗುತ್ತದೆ.

ನಿಯಮಿತ ಆಕೃತಿಗಳು

ನಿಯಮಿತ ಬಹುಭುಜಕ್ಕೆ ಒಂದೇ ಬದಿ ಅಳೆದರೆ ಸಾಕು. ವಿಸ್ತೀರ್ಣಕ್ಕೆ ಬದಿಯ ವರ್ಗವನ್ನು ಹೀಗೆ ಗುಣಿಸಿ: ಸಮಬಾಹು ತ್ರಿಭುಜಕ್ಕೆ 0.433, ಪಂಚಭುಜಕ್ಕೆ 1.720, ಷಡ್ಭುಜಕ್ಕೆ 2.598, ಅಷ್ಟಭುಜಕ್ಕೆ 4.828. ಒಂದೇ 36 ಅಡಿ ಸುತ್ತಳತೆಯಲ್ಲಿ ಸಮಬಾಹು ತ್ರಿಭುಜ 62.4 ಚದರಡಿ ಸುತ್ತುವರಿಯುತ್ತದೆ, ಚೌಕ 81, ಷಡ್ಭುಜ 93.5. ನಿಯಮಿತ ಆಕೃತಿಯಲ್ಲಿ ಬದಿಗಳು ಹೆಚ್ಚಿದಷ್ಟೂ ಅದೇ ಸುತ್ತಳತೆಗೆ ಹೆಚ್ಚು ನೆಲ.

ನಕ್ಷತ್ರಾಕಾರ ಇದಕ್ಕೆ ವಿರುದ್ಧ. ಒಂದೇ ಕೇಂದ್ರದ ಮೇಲೆ ನಾಲ್ಕು ಸಮ ಚೌಕಗಳನ್ನು 22.5 ಡಿಗ್ರಿಯಂತೆ ತಿರುಗಿಸಿಟ್ಟರೆ 16 ಮೊನೆಗಳ ನಕ್ಷತ್ರ ಮೂಡುತ್ತದೆ. ಅದು 32 ಬದಿಗಳ ನಿಮ್ನ ಬಹುಭುಜ. ಅಷ್ಟೇ ವಿಸ್ತೀರ್ಣದ ಚೌಕಕ್ಕಿಂತ ಅದರ ಸುತ್ತಳತೆ ಸುಮಾರು ಶೇ. 15 ಹೆಚ್ಚು. ಸೋಮನಾಥಪುರದ ಕೇಶವ ದೇವಾಲಯದ ನಕ್ಷತ್ರಾಕಾರದ ಗರ್ಭಗುಡಿಗಳ ಹೊರಗೋಡೆಯನ್ನು ಸುತ್ತಿ ಬರುವಾಗ ಇದನ್ನು ಗಮನಿಸಿ: ಮಡಿಸಿದಂತಿರುವ ಗೋಡೆ ಶಿಲ್ಪಕ್ಕೆ ಹೆಚ್ಚು ಮೈ ಒದಗಿಸುತ್ತದೆ.

ಅಳೆಯುವಾಗ

• 39 ಅಡಿ 6 ಇಂಚು ಎಂದರೆ 39.5 ಅಡಿ, 39.6 ಅಲ್ಲ. ಇಂಚನ್ನು 12ರಿಂದ ಭಾಗಿಸಿ.
• ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಬೇಡಿ, ಮಟ್ಟಸವಾಗಿ ಹಿಡಿಯಿರಿ. ದಾಖಲೆಯ ವಿಸ್ತೀರ್ಣ ಸಮತಲದ್ದು. 20 ಅಡಿ ಏರುವ 100 ಅಡಿ ಇಳಿಜಾರು ಸಮತಲದಲ್ಲಿ 98 ಅಡಿ ಮಾತ್ರ.
• ಟೇಪು ಜೋಲದಂತೆ ಬಿಗಿ ಹಿಡಿಯಿರಿ, ಪ್ರತಿ ಬದಿಯನ್ನೂ ಎರಡು ದಿಕ್ಕಿನಿಂದ ಅಳೆಯಿರಿ.
• ಎಲ್ಲ ಅಳತೆಗಳೂ ಒಂದೇ ಮಾನದಲ್ಲಿರಲಿ. ಅಡಿ, ಮೀಟರ್ ಬೆರೆಸಬೇಡಿ. 1 ಗುಂಟೆ ಸುಮಾರು 101.17 ಚದರ ಮೀಟರ್.
• ಚಿತ್ರ ಬರೆದು, ಪ್ರತಿ ಗೆರೆಯ ಮೇಲೂ ಅಳತೆ ನಮೂದಿಸಿ, ದಿಕ್ಕು ಗುರುತಿಸಿ.

ನೀವು ಹಾಕಿದ ಲೆಕ್ಕ ವ್ಯವಹಾರಕ್ಕೆ ಮುಂಚಿನ ತಾಳೆಗೆ. ಗಡಿ ತಕರಾರು, ಪೋಡಿ, ಹಿಸ್ಸೆಗಳಲ್ಲಿ ನಡೆಯುವುದು ಭೂಮಾಪನ ಇಲಾಖೆಯ ಅಳತೆ. ಕೃಷಿ ಜಮೀನಿನ ಒಂದು ಭಾಗ ಮಾರಲು 11ಇ ನಕ್ಷೆ ಬೇಕು. ಆದರೆ ಆ ನಕ್ಷೆ ಕೈಗೆ ಬಂದಾಗ ಅದನ್ನು ಓದಿ, ತ್ರಿಭುಜಗಳಾಗಿ ಒಡೆದು, ಕೂಡಿ ನೋಡುವ ಹಕ್ಕು ಮತ್ತು ಶಕ್ತಿ ನಿಮ್ಮದು. ಹೀಗಾಗಿ ಸೈಟು ನೋಡಲು ಹೋದಾಗ ನಾಲ್ಕು ಬದಿ ಹೇಳಿದವರನ್ನು ಇನ್ನೊಂದು ಪ್ರಶ್ನೆ ಕೇಳಿ: ಮೂಲೆಯಿಂದ ಮೂಲೆಗೆ ಎಷ್ಟು? ಉತ್ತರವಿಲ್ಲದಿದ್ದರೆ ಮುಂಗಡ ಕೊಡುವ ಮೊದಲು ನೀವೇ ಅಳೆಯಿರಿ.